ರೇಡಿಯೇಟರ್ ನೀರು ಹೋಗುವುದೆಲ್ಲಿಗೆ?

ಹಳೆಯ ಅಂಬಾಸಿಡರ್ ಕಾರಿನ ರೇಡಿಯೇಟರಿಗೆ ಕಂಠಮಟ್ಟ ನೀರು ತುಂಬಿಸಿ, ಐವತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು ನೋಡಿ. ಸುಮಾರು ಕಾಲು ಲೀಟರ್ ಕಡಿಮೆಯಾಗಿರುತ್ತದೆ. ಮತ್ತೆ ತುಂಬಿಸಿದರೆ ಮತ್ತೆ ಅಷ್ಟೇ ಕಡಿಮೆ. ಗಾಬರಿಯಾದ ಮಾಲೀಕರು ಗ್ಯಾರೇಜಿಗೆ ಹೋಗುತ್ತಾರೆ. ಹೋಸ್ ಪೈಪ್ ಬದಲಾಗುತ್ತದೆ, ವಾಟರ್ ಪಂಪ್ ಬದಲಾಗುತ್ತದೆ, ನೀರು ಮಾತ್ರ ಇಳಿಯುತ್ತಲೇ ಇರುತ್ತದೆ. ಏಕೆಂದರೆ ಆ ಕಾರು ಸೋರುತ್ತಲೇ ಇಲ್ಲ.

ನೀರು 20 ಡಿಗ್ರಿ ಸೆಲ್ಸಿಯಸ್‌ನಿಂದ 90 ಡಿಗ್ರಿಗೆ ಕಾದಾಗ ಅದರ ಗಾತ್ರ ಶೇ 3.4ರಷ್ಟು ಹಿಗ್ಗುತ್ತದೆ. ಎಂಜಿನ್ ಮತ್ತು ರೇಡಿಯೇಟರ್ ಸೇರಿ ಏಳು ಲೀಟರ್ ನೀರು ಹಿಡಿಯುತ್ತವೆ ಎಂದಿಟ್ಟುಕೊಂಡರೆ, ಹಿಗ್ಗಿದ ಭಾಗವೇ ಕಾಲು ಲೀಟರ್ ಆಯಿತು. ಈಗಿನ ಕಾರುಗಳಲ್ಲಿ ಈ ಹೆಚ್ಚುವರಿಯನ್ನು ಹಿಡಿದಿಟ್ಟು, ಎಂಜಿನ್ ತಣಿದಾಗ ಮರಳಿ ಕೊಡಲು ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಹಳೆಯ ಕಾರುಗಳಲ್ಲಿ ಅದಿಲ್ಲ. ರೇಡಿಯೇಟರ್ ಕತ್ತಿನ ಪಕ್ಕದ ಸಣ್ಣ ಕೊಳವೆಯಿಂದ ನೀರು ನೇರ ರಸ್ತೆಗೆ ಬೀಳುತ್ತದೆ. ಹಿಗ್ಗುವುದಕ್ಕೆ ಮೇಲಿನ ಟ್ಯಾಂಕಿನಲ್ಲಿ ಜಾಗ ಬಿಡಲೇಬೇಕು. ಬಿಡದಿದ್ದರೆ ಕಾರೇ ಆ ಜಾಗ ಮಾಡಿಕೊಳ್ಳುತ್ತದೆ. ಹಾಗಾಗಿ ಪತ್ತೇದಾರಿಕೆಯ ಮೊದಲ ಕೆಲಸ ಏನನ್ನೂ ಬಿಚ್ಚದೆ, ಏನನ್ನೂ ತುಂಬಿಸದೆ ಕೆಲವು ದಿನ ಮಟ್ಟವನ್ನು ಗಮನಿಸುವುದು. ಒಂದು ಕಡೆ ಬಂದು ನಿಂತರೆ ಕಾರು ಆರೋಗ್ಯವಾಗಿದೆ. ಇನ್ನೂ ಇಳಿಯುತ್ತಿದ್ದರೆ ಹುಡುಕಾಟ ಶುರು.

ಹುಡುಕುವ ಮೊದಲು ಒಳಗೆ ನಡೆಯುವುದೇನು ಎಂಬುದು ಗೊತ್ತಿರಬೇಕು. ಪೆಟ್ರೋಲ್ ಉರಿದು ಬಿಡುಗಡೆಯಾಗುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಮತ್ತೊಂದು ಪಾಲು ಹೊಗೆಯ ಜೊತೆ ಸೈಲೆನ್ಸರಿನಿಂದ ಹೊರಟರೆ, ಇನ್ನೊಂದು ಪಾಲಿನಷ್ಟು ಶಾಖವನ್ನು ನೀರು ಹೊತ್ತು ಸಾಗಿಸಬೇಕು. 1886ರಲ್ಲಿ ಕಾರ್ಲ್ ಬೆಂಜ್ ರೂಪಿಸಿದ ಕಾರಿನಲ್ಲಿ ನೀರು ಕುದಿದು ಆವಿಯಾಗಿ ಹೋಗುವುದೇ ತಂಪಾಗಿಸುವ ವಿಧಾನವಾಗಿತ್ತು. 1888ರಲ್ಲಿ ಬರ್ತಾ ಬೆಂಜ್ ಆ ಮಾದರಿಯ ಕಾರಿನಲ್ಲಿ ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ಹೊರಟಾಗ ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ನೀರು ತುಂಬಿಸಿಕೊಳ್ಳಬೇಕಾಯಿತು. ಆಮೇಲೆ ಬಂದ ಎಂಜಿನಿಯರುಗಳು ನೀರನ್ನು ಕಳೆದುಕೊಳ್ಳದೆ ಸುತ್ತಿಸುವುದನ್ನು ಕಲಿತರು. ಮುಂದೆ ಮುಚ್ಚಳ ಬಿಗಿದು ಒತ್ತಡದಲ್ಲಿಡುವುದನ್ನೂ ಕಲಿತರು.

ಒತ್ತಡ ಏರಿದರೆ ಕುದಿಯುವ ಬಿಂದುವೂ ಏರುತ್ತದೆ. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ 'ಬಿ ಸೀರೀಸ್' ಕುಟುಂಬದ್ದು. ಆ ಪೀಳಿಗೆಯ ಕಾರುಗಳಲ್ಲಿ 7 ಪಿಎಸ್‌ಐ, ಅಂದರೆ ಸುಮಾರು ಅರ್ಧ ವಾಯುಭಾರ ಒತ್ತಡದ ಮುಚ್ಚಳ ಸಾಮಾನ್ಯವಾಗಿತ್ತು. ಅಷ್ಟು ಒತ್ತಡದಲ್ಲಿ, ಸಮುದ್ರಮಟ್ಟದ ಊರಿನಲ್ಲಿ ನೀರು ಕುದಿಯುವುದು 111 ಡಿಗ್ರಿಯ ಆಸುಪಾಸಿನಲ್ಲಿ. ಎತ್ತರದ ಊರುಗಳಲ್ಲಿ ಈ ಮುಚ್ಚಳದ ಬೆಲೆ ಇನ್ನೂ ಹೆಚ್ಚು: ತೆರೆದ ಪಾತ್ರೆಯ ನೀರು ಬೆಂಗಳೂರಿನಲ್ಲಿ 97 ಡಿಗ್ರಿಗೆ, ಊಟಿಯಲ್ಲಿ 93ರ ಸುಮಾರಿಗೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗ್ ಸಡಿಲಗೊಂಡರೆ ಅಥವಾ ಒಳಗಿನ ರಬ್ಬರ್ ಒಣಗಿ ಬಿರುಕುಬಿಟ್ಟರೆ ಒತ್ತಡ ನಿಲ್ಲುವುದಿಲ್ಲ. ಘಾಟಿ ಏರುವಾಗ ನೀರು ಕುದಿದು ಕೊಳವೆಯಿಂದ ಹೊರಗೆ ಹೋಗುತ್ತದೆ. ಎಂಜಿನ್ ತಣಿದಾಗ ಗಾಳಿಯನ್ನು ಒಳಗೆ ಬಿಡುವ ಪುಟ್ಟ ಕವಾಟವೂ ಅದೇ ಮುಚ್ಚಳದಲ್ಲಿದೆ. ಅದು ಕಚ್ಚಿಕೊಂಡರೆ ಒಳಗೆ ನಿರ್ವಾತ ಉಂಟಾಗಿ ಹೋಸ್ ಪೈಪ್ ಚಪ್ಪಟೆಯಾಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ ಈ ಮುಚ್ಚಳ. ಮೊದಲ ಅನುಮಾನ ಅದರ ಮೇಲೆಯೇ ಬರಬೇಕು.

ಮುಚ್ಚಳ ಸರಿಯಿದ್ದೂ ನೀರು ಇಳಿಯುತ್ತಿದ್ದರೆ ಅದು ಹೋಗಲು ಇರುವ ದಾರಿ ಎರಡೇ: ಎಂಜಿನ್ನಿನ ಹೊರಕ್ಕೆ ಅಥವಾ ಒಳಕ್ಕೆ. ಹೊರಕ್ಕೆ ಹೋಗುವುದು ಕಣ್ಣಿಗೆ ಕಾಣಬೇಕಲ್ಲವೇ ಎಂದರೆ, ಹಾಗೇನಿಲ್ಲ. ಬಿಸಿ ಕಬ್ಬಿಣದ ಮೇಲೆ ಜಿನುಗಿದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗಿ, ಬಿಳಿಯ ಅಥವಾ ಹಸಿರು ಬಣ್ಣದ ಕಲೆಯನ್ನಷ್ಟೇ ಉಳಿಸುತ್ತದೆ. ಓಡುವಾಗ ಫ್ಯಾನಿನ ಗಾಳಿ ಹನಿಗಳನ್ನು ಹಿಂದಕ್ಕೆ ಎರಚುವುದರಿಂದ ಮುಂದಿನ ಪಂಪಿನ ನೀರು ಹಿಂದಿನ ಗೇರ್‌ಬಾಕ್ಸಿನಿಂದ ತೊಟ್ಟಿಕ್ಕಬಹುದು. ಕೆಲವು ಸೋರಿಕೆಗಳು ಬೆಳಗಿನ ಚಳಿಯಲ್ಲಿ ಮಾತ್ರ ಕಾಣಿಸುತ್ತವೆ. ರಬ್ಬರ್ ಮತ್ತು ಲೋಹ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಕ್ಲಿಪ್ಪಿನ ಹಿಡಿತ ಸಡಿಲವಾಗುತ್ತದೆ; ಎಂಜಿನ್ ಬಿಸಿಯಾದೊಡನೆ ಎಲ್ಲ ಬಿಗಿಯಾಗಿ ಸೋರಿಕೆ ನಿಂತುಬಿಡುತ್ತದೆ. ಹೀಗಾಗಿ ಕಾರು ನಿಂತಿದ್ದ ಜಾಗದ ಒದ್ದೆಯನ್ನು ನಂಬಿ ತೀರ್ಮಾನಕ್ಕೆ ಬರಬಾರದು.

ಇದಕ್ಕೆ ಪ್ರೆಷರ್ ಟೆಸ್ಟರ್ ಇದೆ. ಅಳತೆಯ ಮುಳ್ಳಿರುವ ಸಣ್ಣ ಕೈಪಂಪು ಅದು. ತಣ್ಣಗಿರುವ ಎಂಜಿನ್ನಿನ ರೇಡಿಯೇಟರ್ ಕತ್ತಿಗೆ ಅದನ್ನು ಕೂರಿಸಿ, ಮುಚ್ಚಳದ ಮೇಲೆ ಅಚ್ಚಾದ ಒತ್ತಡದವರೆಗೆ ಗಾಳಿ ತುಂಬುತ್ತಾರೆ. ಅದಕ್ಕಿಂತ ಹೆಚ್ಚು ತುಂಬಿದರೆ ಹಳೆಯ ಬೆಸುಗೆ ಬಿಟ್ಟು ಹೊಸ ಸೋರಿಕೆ ಹುಟ್ಟಬಹುದು. ಮುಳ್ಳು ಕದಲದೆ ನಿಂತರೆ ಸರಿ. ಇಳಿದರೆ ಎಂಜಿನ್ ನಿಂತಿರುವಾಗಲೇ, ಆವಿಯ ಹಾಗೂ ಗಾಳಿಯ ಗೊಂದಲವಿಲ್ಲದೆ, ಟಾರ್ಚ್ ಹಿಡಿದು ಒಂದೊಂದೇ ಜಾಗವನ್ನು ನೋಡಬಹುದು.

ನೋಡಬೇಕಾದ ಜಾಗಗಳಲ್ಲಿ ಎರಡು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ವಾಟರ್ ಪಂಪಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತಿದೆ. ಪಂಪಿನ ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಬೀಳಲೆಂದೇ ಅದನ್ನು ಇಟ್ಟಿದ್ದಾರೆ. ಅಲ್ಲಿ ನೀರು ಕಂಡರೆ ಪಂಪಿಗೆ ರಿಪೇರಿ ಬೇಕು ಎಂದರ್ಥ. ಅಂಟು ತುಂಬಿ ಆ ತೂತನ್ನು ಮುಚ್ಚಿದರೆ ಸೋರಿಕೆ ನಿಂತಂತೆ ಕಾಣುತ್ತದೆ. ಸ್ವಲ್ಪ ಕಾಲಕ್ಕೆ ಬೇರಿಂಗ್ ಹಾಳಾಗುತ್ತದೆ.

ಎರಡನೆಯದು ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಕಾಣುವ ದುಂಡಗಿನ ವೆಲ್ಶ್ ಪ್ಲಗ್‌ಗಳು. ನೀರು ಹೆಪ್ಪುಗಟ್ಟಿದಾಗ ಬ್ಲಾಕ್ ಒಡೆಯದಿರಲೆಂದು ಇವನ್ನು ಇಟ್ಟಿದ್ದಾರೆ ಎಂಬ ನಂಬಿಕೆ ಇದೆ. ನಿಜವಾಗಿ ಇವು ಎರಕದ ಕೆಲಸದ ಉಳಿಕೆ. ಬ್ಲಾಕನ್ನು ಎರಕ ಹೊಯ್ಯುವಾಗ ನೀರಿನ ದಾರಿಗಳಿರಬೇಕಾದ ಕಡೆ ಮರಳಿನ ಅಚ್ಚು ಇಡುತ್ತಾರೆ. ಆ ಅಚ್ಚನ್ನು ಹಿಡಿದು ನಿಲ್ಲಿಸುವುದಕ್ಕೂ ಆಮೇಲೆ ಮರಳನ್ನು ಹೊರತೆಗೆಯುವುದಕ್ಕೂ ಬಿಟ್ಟ ರಂಧ್ರಗಳನ್ನು ತೆಳು ಉಕ್ಕಿನ ಬಿಲ್ಲೆ ಬಡಿದು ಮುಚ್ಚುತ್ತಾರೆ. ಬ್ಲಾಕಿನ ಗೋಡೆ ದಪ್ಪ, ಬಿಲ್ಲೆ ತೆಳು. ವರ್ಷಗಟ್ಟಲೆ ಬರೀ ಬೋರ್‌ವೆಲ್ ನೀರು ಕುಡಿದ ಎಂಜಿನ್ನಿನಲ್ಲಿ ತುಕ್ಕು, ಸುಣ್ಣ, ಕೆಸರು ಬ್ಲಾಕಿನ ತಳದಲ್ಲಿ ಕೂತು ಬಿಲ್ಲೆಯನ್ನು ಒಳಗಿನಿಂದ ತಿನ್ನುತ್ತವೆ. ಹೊರಗಿನ ಬಣ್ಣ ಮಾಸದಿದ್ದರೂ ಒಳಗೆ ಕಾಗದದಷ್ಟೇ ಲೋಹ ಉಳಿದಿರಬಹುದು. ಒಂದು ಬಿಲ್ಲೆ ತೂತಾಗಿದೆ ಎಂದರೆ ಉಳಿದವುಗಳ ವಯಸ್ಸೂ ಅಷ್ಟೇ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ಜಾಣತನ.

ರೇಡಿಯೇಟರಿನ ಮೇಲೆ ಅನುಮಾನ ಬಂದರೆ ಅದನ್ನು ಕಳಚಿ ರಿಪೇರಿ ಅಂಗಡಿಗೆ ಒಯ್ಯಬೇಕು. ಅಲ್ಲಿ ಅದರ ಬಾಯಿಗಳನ್ನು ಮುಚ್ಚಿ, ಗಾಳಿ ತುಂಬಿ, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವಂತೆ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಎದ್ದ ಜಾಗಕ್ಕೆ ಬೆಸುಗೆ ಬೀಳುತ್ತದೆ. ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರುಗಳಿಗೆ ಇರುವ ದೊಡ್ಡ ಅನುಕೂಲ ಇದು.

ಇಷ್ಟಕ್ಕೂ ಸಿಗದ ಸೋರಿಕೆಗೆ ಬಣ್ಣ ಬಿಡುತ್ತಾರೆ. ಫ್ಲೋರೆಸೀನ್ ಎಂಬ ವರ್ಣದ್ರವ್ಯವನ್ನು 1871ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದರು. ಅದು ನೀಲಿ ಬೆಳಕನ್ನು ಹೀರಿ ಹಸಿರಾಗಿ ಹೊಳೆಯುತ್ತದೆ. 1877ರಲ್ಲಿ ಡ್ಯಾನ್ಯೂಬ್ ನದಿಯ ನೀರು ನೆಲದೊಳಗೆ ಇಂಗಿಹೋಗುವ ಜಾಗಕ್ಕೆ ಇದನ್ನು ಸುರಿದು ನೋಡಲಾಯಿತು. ಎರಡೂವರೆ ದಿನಗಳ ನಂತರ ಸುಮಾರು ಹನ್ನೆರಡು ಕಿಲೋಮೀಟರ್ ದೂರದ ಆಖ್ ಬುಗ್ಗೆ ಹಸಿರಾಯಿತು. ನದಿಯ ಗುಪ್ತ ದಾರಿ ಬಯಲಾಯಿತು. ಬಾನೆಟ್ಟಿನ ಕೆಳಗೂ ಅದೇ ಉಪಾಯ. ಇಂಥ ವರ್ಣದ್ರವ್ಯವನ್ನು ರೇಡಿಯೇಟರ್ ನೀರಿಗೆ ಬೆರೆಸಿ, ಕಾರನ್ನು ಸ್ವಲ್ಪ ಓಡಿಸಿ, ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಕೂದಲೆಳೆಯಷ್ಟು ಬಿರುಕೂ ತಾನಾಗಿ ಕಾಣಿಸಿಕೊಳ್ಳುತ್ತದೆ.

ಹೊರಗೆಲ್ಲೂ ಗುರುತಿಲ್ಲವೆಂದರೆ ನೀರು ಒಳಕ್ಕೆ ಹೋಗುತ್ತಿದೆ. ಅನುಮಾನ ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ತೆಳು ಹಾಳೆಯಾದ ಹೆಡ್ ಗ್ಯಾಸ್ಕೆಟ್ ಮೇಲೆ. ಪೆಟ್ರೋಲ್ ಉರಿಯುವ ಕ್ಷಣದಲ್ಲಿ ಸಿಲಿಂಡರಿನ ಒತ್ತಡ ನೀರಿನ ಒತ್ತಡಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಆಗ ಹರಿದ ಗ್ಯಾಸ್ಕೆಟ್ ಮೂಲಕ ಅನಿಲ ನೀರಿಗೆ ನುಗ್ಗುತ್ತದೆ. ಎಂಜಿನ್ ಆರಿಸಿದ ಮೇಲೆ ಸಿಲಿಂಡರಿನಲ್ಲಿ ಒತ್ತಡವಿಲ್ಲ, ನೀರಿನಲ್ಲಿ ಇನ್ನೂ ಇದೆ. ಈಗ ನೀರು ಸಿಲಿಂಡರಿಗೆ ಇಳಿಯುತ್ತದೆ. ಅದಕ್ಕೇ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತದೆ ಮತ್ತು ನಾಲ್ಕು ಸ್ಪಾರ್ಕ್ ಪ್ಲಗ್‌ಗಳಲ್ಲಿ ಒಂದು ಮಾತ್ರ ಆವಿಯಲ್ಲಿ ತೊಳೆದು ಸ್ವಚ್ಛವಾಗಿರುತ್ತದೆ. ಖಚಿತಪಡಿಸಿಕೊಳ್ಳಲು ರಸಾಯನ ಪರೀಕ್ಷೆಯಿದೆ. ರೇಡಿಯೇಟರ್ ಕತ್ತಿನ ಗಾಳಿಯನ್ನು ಬ್ರೋಮೋಥೈಮಾಲ್ ಬ್ಲೂ ದ್ರಾವಣದ ಮೂಲಕ ಎಳೆದಾಗ, ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿ ಆಮ್ಲವಾಗಿ ನೀಲಿಯನ್ನು ಹಳದಿ ಮಾಡುತ್ತದೆ. ಬಣ್ಣ ಬದಲಾದರೆ ಹೆಡ್ ಬಿಚ್ಚಲೇಬೇಕು. ಎಂಜಿನ್ ಆಯಿಲ್ ತಿಳಿಗಂದು ಕೆನೆಯಾಗಿದ್ದರೆ ನೀರು ಆಯಿಲ್‌ಗೂ ಸೇರಿದೆ. ಆ ಕಾರನ್ನು ಅಲ್ಲಿಂದ ಓಡಿಸಲೇಬಾರದು.

ಕ್ರಮ ಇಷ್ಟೇ: ಮೊದಲು ಮಟ್ಟ, ಆಮೇಲೆ ಮುಚ್ಚಳ, ಒತ್ತಡ, ಬಣ್ಣ, ಕೊನೆಗೆ ಗ್ಯಾಸ್ಕೆಟ್. ಅಗ್ಗದ್ದರಿಂದ ದುಬಾರಿಯ ಕಡೆಗೆ ಹೋದರೆ ಅನಗತ್ಯವಾಗಿ ಏನನ್ನೂ ಬಿಚ್ಚಬೇಕಾಗುವುದಿಲ್ಲ. ರೇಡಿಯೇಟರಿಗೆ ಸುರಿಯುವ ಲೀಕ್ ನಿಲ್ಲಿಸುವ ಪುಡಿಗಳಿಗೆ ಸೋರುವ ತೂತೂ ಒಂದೇ, ರೇಡಿಯೇಟರಿನ ಸಣ್ಣ ಕೊಳವೆಯೂ ಒಂದೇ. ನಡುದಾರಿಯಲ್ಲಿ ಮನೆ ಸೇರಲು ಆಗಬಹುದೇ ಹೊರತು ಅದು ರಿಪೇರಿಯಲ್ಲ.

ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. 107 ಡಿಗ್ರಿಯ ಏಳು ಲೀಟರ್ ನೀರಿನ ಒತ್ತಡ ಒಮ್ಮೆಲೇ ಇಳಿದರೆ ನೂರು ಲೀಟರಿಗೂ ಹೆಚ್ಚು ಹಬೆ ಚಿಮ್ಮುತ್ತದೆ. ರೇಡಿಯೇಟರ್ ನೀರಿಗೆ ಬೆರೆಸುವ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ. ಮಕ್ಕಳು, ನಾಯಿ, ಬೆಕ್ಕುಗಳು ಅದರ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ರಿಪೇರಿ ಮುಗಿದ ಮೇಲೆ ಬೋರ್‌ವೆಲ್ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಬಳಸಿ, ಅದಕ್ಕೆ ತಾಮ್ರ, ಹಿತ್ತಾಳೆ ಮತ್ತು ಬೆಸುಗೆಗೆ ಹೊಂದುತ್ತದೆ ಎಂದು ಡಬ್ಬಿಯ ಮೇಲೆ ನಮೂದಿಸಿದ ಕೂಲೆಂಟ್ ಬೆರೆಸಿ. 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಈಗ ಉಳಿದಿರುವ ಒಂದೊಂದು ಎಂಜಿನ್ನೂ ಇಷ್ಟು ಆರೈಕೆಗೆ ಯೋಗ್ಯವಾದದ್ದೇ.