ಕೊಲೆಗಾರ ಸಿಕ್ಕ ಮರುದಿನ...

ಪತ್ತೇದಾರಿ ಧಾರಾವಾಹಿ ಎಂದ ಮೇಲೆ ಕೊನೆಯ ಕಂತಿನಲ್ಲಿ ಕೊಲೆಗಾರ ಸಿಕ್ಕಿಬೀಳಬೇಕು, ಕೈಗೆ ಕೋಳ ಬೀಳಬೇಕು. ಅಲ್ಲಿಗೆ ಟಿ.ವಿ. ಆರಿಸಿ ಊಟಕ್ಕೆ ಏಳುತ್ತೇವೆ. ಮರುದಿನ ಏನಾಯಿತು ಎಂದು ಕೇಳುವವರು ಕಡಿಮೆ. ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 2013ರಿಂದ 2017ರವರೆಗೆ ಮೂರು ಸರಣಿಗಳಾಗಿ ಬಂದ ‘ಬ್ರಾಡ್‌ಚರ್ಚ್’ ಅದನ್ನೇ ಕೇಳಿತು. (ಮುಂದೆ ಗುಟ್ಟು ರಟ್ಟಾಗಲಿದೆ, ನೋಡದವರು ಕ್ಷಮಿಸಬೇಕು. ಅದನ್ನು ಬಿಟ್ಟು ಈ ಧಾರಾವಾಹಿಯ ಬಗ್ಗೆ ಬರೆಯಲು ಏನೂ ಉಳಿಯುವುದಿಲ್ಲ.)

ಇಂಗ್ಲೆಂಡಿನ ಡಾರ್ಸೆಟ್ ಕಡಲತೀರದ ಪುಟ್ಟ ಊರು. ಹೊಂಬಣ್ಣದ ಕಡಿದಾದ ಬಂಡೆಯ ಬುಡದಲ್ಲಿ 11 ವರ್ಷದ ಡ್ಯಾನಿ ಲ್ಯಾಟಿಮರ್‌ನ ಶವ. ತನಿಖೆಗೆ ಇಬ್ಬರು. ಹೊರಗಿನಿಂದ ಬಂದ, ಸಿಡುಕು ಮೋರೆಯ, ಹೃದಯದ ಕಾಯಿಲೆ ಮುಚ್ಚಿಟ್ಟ ಅಲೆಕ್ ಹಾರ್ಡಿ (ಡೇವಿಡ್ ಟೆನೆಂಟ್) ಮತ್ತು ಅದೇ ಊರಿನ ಹೆಣ್ಣುಮಗಳು ಎಲ್ಲೀ ಮಿಲ್ಲರ್ (ಒಲಿವಿಯಾ ಕೋಲ್ಮನ್). ಸತ್ತ ಹುಡುಗನ ತಾಯಿ ಮಿಲ್ಲರ್‌ಗೆ ಗೆಳತಿ. ಆ ಹುಡುಗ ಮಿಲ್ಲರ್ ಮಗ ಟಾಮ್‌ನ ಸ್ನೇಹಿತ. ಈ ಪಾತ್ರಕ್ಕೆ ಕೋಲ್ಮನ್ 2014ರಲ್ಲಿ ಬಾಫ್ಟಾ ಪ್ರಶಸ್ತಿ ಪಡೆದರು. ಕೊಲೆಗಾರ ಯಾರೆಂಬುದನ್ನು ಲೇಖಕ ಕ್ರಿಸ್ ಚಿಬ್ನಾಲ್ ಬಹುಪಾಲು ನಟರಿಗೂ ಚಿತ್ರೀಕರಣದ ಕೊನೆಯವರೆಗೆ ಹೇಳಿರಲಿಲ್ಲವಂತೆ!

ಸಣ್ಣ ಊರಲ್ಲವೆ, ಅನುಮಾನ ಮನೆಮನೆ ಹೊಕ್ಕಿತು. ಪತ್ರಿಕೆ ಮಾರುವ ಅಂಗಡಿಯ ಮುದುಕ ಜ್ಯಾಕ್ ಮಾರ್ಷಲ್‌ಗೆ ಹಿಂದೊಮ್ಮೆ ಶಿಕ್ಷೆಯಾಗಿತ್ತು. ಪತ್ರಿಕೆಗಳು ಅದನ್ನು ಕೆದಕಿ ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕಿದವು, ಊರು ಬೆನ್ನುಹತ್ತಿತು, ಮುದುಕ ಪ್ರಾಣ ಕಳೆದುಕೊಂಡ. ಅವನು ಕೊಲೆ ಮಾಡಿರಲಿಲ್ಲ. ಪತ್ರಿಕೆಯಲ್ಲಿ ಬರೆಯುವವರಾದ ನಮಗೆ ಆ ಕಂತು ನೋಡುವುದು ಅಷ್ಟೇನೂ ಸುಲಭವಲ್ಲ.

ಕೊಂದವನು ಮಿಲ್ಲರ್‌ನ ಗಂಡ ಜೋ. ಮಕ್ಕಳನ್ನು ನೋಡಿಕೊಂಡು ಮನೆಯಲ್ಲೇ ಇರುತ್ತಿದ್ದ ಸಾಧು ಮನುಷ್ಯ. ಡ್ಯಾನಿಯನ್ನು ಅವನು ಯಾರಿಗೂ ತಿಳಿಯದಂತೆ ಭೇಟಿಯಾಗುತ್ತಿದ್ದ. ಎರಡೂ ಮನೆಗಳಲ್ಲಿ ಒಬ್ಬರಿಗೂ ಸುಳಿವಿರಲಿಲ್ಲ. ಜೋ ತಪ್ಪೊಪ್ಪಿಕೊಂಡ. ಸುದ್ದಿ ತಿಳಿದ ಮಿಲ್ಲರ್ ವಿಚಾರಣಾ ಕೊಠಡಿಗೆ ನುಗ್ಗಿ ಅವನನ್ನು ಹಿಗ್ಗಾಮುಗ್ಗಾ ಒದ್ದಳು. ಆ ಹೊತ್ತಿನಲ್ಲಿ ಅವಳ ಕಡೆಗೇ ವಾಲದ ನೋಡುಗ ಇರಲಾರ.

2015ರಲ್ಲಿ ಎರಡನೆಯ ಸರಣಿ ಆರಂಭವಾಗುವುದು ನ್ಯಾಯಾಲಯದಲ್ಲಿ. ‘ನಾನು ನಿರಪರಾಧಿ’ ಎನ್ನುತ್ತಾನೆ ಜೋ! ಅವನ ಪರ ವಕೀಲೆ ಶರೋನ್ ಬಿಷಪ್ ಮೊದಲು ಕೈಹಾಕಿದ್ದು ಆ ಹೊಡೆತಕ್ಕೆ. ಪೊಲೀಸ್ ಅಧಿಕಾರಿಯೇ ಠಾಣೆಯಲ್ಲಿ ಆರೋಪಿಯನ್ನು ಹೊಡೆದಿದ್ದಾಳೆ. ಹೇಳಿಕೆ ಹೊಡೆತದಿಂದ ಬಂದದ್ದಲ್ಲ ಎಂದು ಹೇಗೆ ನಂಬುವುದು? ತಪ್ಪೊಪ್ಪಿಗೆ ಮೊದಲು, ಏಟು ಆಮೇಲೆ ಎಂಬುದು ನಮಗೆ ಗೊತ್ತು. ಆದರೆ ನಾವು ಸಾಕ್ಷಿಗಳಲ್ಲವಲ್ಲ! ಇಂಗ್ಲೆಂಡಿನ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆಯ 76ನೇ ಕಲಮಿನಂತೆ, ಹೇಳಿಕೆ ದಬ್ಬಾಳಿಕೆಯಿಂದ ಪಡೆದದ್ದೆಂಬ ತಕರಾರು ಎದ್ದರೆ, ಅಲ್ಲವೆಂದು ಸಂಶಯಕ್ಕೆಡೆಯಿಲ್ಲದೆ ತೋರಿಸುವ ಹೊಣೆ ಸರ್ಕಾರಿ ಪಕ್ಷದ್ದು. ನ್ಯಾಯಾಧೀಶರು ತಪ್ಪೊಪ್ಪಿಗೆಯನ್ನೇ ಬದಿಗಿರಿಸಿದರು. ಜ್ಯೂರಿಯ 12 ಮಂದಿಯ ಕಿವಿಗೆ ಅದು ಬೀಳಲೇ ಇಲ್ಲ.

ಕಾನೂನು ಓದುವ ವಿದ್ಯಾರ್ಥಿಗಳು ಇಲ್ಲಿ ನಮ್ಮ ದೇಶದ ನಿಯಮವನ್ನೂ ನೆನೆಯಬಹುದು. 1872ರ ಸಾಕ್ಷ್ಯ ಕಾಯ್ದೆಯನ್ನು ಬರೆದವರು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಎಂಬ ಆಂಗ್ಲರೇ. ಆದರೂ ಅದರ 25ನೇ ಕಲಮು ಇನ್ನೂ ಬಿಗಿ: ಹೊಡೆದಿರಲಿ ಬಿಡಲಿ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಿಗೆ ಬಳಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಅದೇ ನಿಯಮ ಮುಂದುವರಿದಿದೆ. ಜೋ ನಮ್ಮ ಠಾಣೆಯಲ್ಲಿ ಹಾಗೆ ಹೇಳಿದ್ದರೆ, ಮಿಲ್ಲರ್ ಕೈ ಎತ್ತದಿದ್ದರೂ ಆ ಹೇಳಿಕೆ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ.

ಧಾರಾವಾಹಿಯ ನ್ಯಾಯಾಲಯ ಎಲ್ಲ ಕಡೆ ಸಾಚಾ ಅಲ್ಲ ಅನ್ನಿ. ಸಾಕ್ಷಿ ಹೇಳಬೇಕಾದವರೇ ಮುಂಚಿತವಾಗಿ ಒಳಗೆ ಕುಳಿತು ಇತರರ ಸಾಕ್ಷ್ಯ ಕೇಳುತ್ತಾರೆಂದು ಅಲ್ಲಿನ ವಕೀಲರು ಆಕ್ಷೇಪಿಸಿದ್ದುಂಟು. ಪಾಟೀಸವಾಲು ಮಾತ್ರ ಚರ್ಮ ಸುಲಿಯುವಂತಿದೆ. ಮಗನನ್ನು ಕಳೆದುಕೊಂಡ ತಂದೆಯತ್ತಲೇ ಬೆರಳು ಹೋಗುತ್ತದೆ. ಹಾರ್ಡಿಗೂ ಮಿಲ್ಲರ್‌ಗೂ ಸಂಬಂಧವಿತ್ತು, ಇಬ್ಬರೂ ಸೇರಿ ಜೋನನ್ನು ಸಿಕ್ಕಿಸಿದರು ಎಂಬ ಮಾತೂ ಬರುತ್ತದೆ. ಕೊನೆಗೆ ಜೋ ಬಿಡುಗಡೆಯಾಗುತ್ತಾನೆ. ಊರಿನವರೇ ಅವನನ್ನು ಹಿಡಿದು, ಮತ್ತೆ ಇತ್ತ ಬರಕೂಡದೆಂದು ಊರು ಬಿಡಿಸುತ್ತಾರೆ.

ಮನಸ್ಸಿನಲ್ಲಿ ಉಳಿಯುವುದು ಮೊದಲ ಸರಣಿಯ ಒಂದು ಸಣ್ಣ ಸಂಗತಿ. ಮಕ್ಕಳಿಗೆ ಕೇಡು ಮಾಡಿದ್ದ ಬೇರೊಬ್ಬ ಗಂಡಸಿನ ಹೆಂಡತಿಯನ್ನು ಮಿಲ್ಲರ್ ವಿಚಾರಿಸುವಾಗ, ಒಂದೇ ಮನೆಯಲ್ಲಿದ್ದೂ ನಿಮಗೆ ಹೇಗೆ ತಿಳಿಯಲಿಲ್ಲ ಎಂದು ಸಿಟ್ಟಿನಿಂದ ಕೇಳುತ್ತಾಳೆ. ಮುಂದಿನ ಕಂತಿನಲ್ಲಿ ಡ್ಯಾನಿಯ ತಾಯಿ ಬೆತ್ ಅದೇ ಪ್ರಶ್ನೆಯನ್ನು ಮಿಲ್ಲರ್‌ಗೆ ಕೇಳುತ್ತಾಳೆ. ಮಿಲ್ಲರ್ ಬಳಿ ಉತ್ತರವಿಲ್ಲ.