ಕೈ ಬಿಟ್ಟವರು ಯಾರು?

ಗುಂಡ್ಲುಪೇಟೆ ಕಡೆ ಒಂದು ಕಬಡ್ಡಿ ಪಂದ್ಯ ಮುಗಿಯಿತೆಂದರೆ ಅದು ಅಂಕಣದಲ್ಲಿ ಮಾತ್ರ ಮುಗಿದಿರುತ್ತದೆ. ಆಟಗಾರರು ಮೈಯ ಮಣ್ಣು ಕೊಡವಿಕೊಂಡು ಬಸ್ಸು ಹತ್ತಿದ ಮೇಲೆ ಟೀ ಅಂಗಡಿಯ ಮುಂದೆ ಎರಡನೆಯ ಪಂದ್ಯ ಶುರುವಾಗುತ್ತದೆ. ಅದಕ್ಕೆ ಅಂಪೈರೂ ಇಲ್ಲ, ಸಮಯದ ಮಿತಿಯೂ ಇಲ್ಲ.

“ಕಾರ್ನರ್‌ನವ್ನು ಅಷ್ಟು ಬೇಗ ಯಾಕ್ಲಾ ಕಾಲಿಗೆ ಬಿದ್ದ? ಇನ್ನೂ ಹತ್ತು ಸೆಕೆಂಡ್ ಇತ್ತು.”

“ಅವ್ನು ಸರಿಯಾಗೇ ಹಾಕ್ದ ಕನಪ್ಪ. ಕವರ್‌ನವ್ನು ಎಲ್ಲಿಗೆ ಹೋಗಿದ್ದ? ಅದ ಕೇಳು.”

“ಯಾರ್ದಾದ್ರೂ ಆಗ್ಲಿ, ಕಪ್ಪಂತೂ ಹೋಯ್ತು.”

ಅಂತರ ಕಾಲೇಜು ಪಂದ್ಯವಿರಲಿ, ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟವಿರಲಿ, ಊರ ಹಬ್ಬಕ್ಕೆ ದೀಪ ಕಟ್ಟಿ ಆಡಿಸುವ ಪಂದ್ಯವಿರಲಿ, ಈ ಸಂಭಾಷಣೆ ಮಾತ್ರ ತಪ್ಪುವುದಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಗಿ, ಟಿ.ವಿ.ಯಲ್ಲಿ ಒಂದೊಂದು ಹಿಡಿತವನ್ನೂ ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸತೊಡಗಿದ ಮೇಲೆ ವಾದಕ್ಕೆ ಇನ್ನಷ್ಟು ರಂಗೇರಿದೆ. ಟೊಮೆಟೊ ಬುಟ್ಟಿ ಹೊತ್ತು ಬಂದ ರೈತನೂ ಈಗ ‘ಆಂಕಲ್ ಹೋಲ್ಡ್’, ‘ಡ್ಯಾಶ್’, ‘ಬ್ಲಾಕ್’ ಎಂದು ಮಾತನಾಡುತ್ತಾನೆ.

ಒಳ್ಳೆಯದೇ. ಆಟವನ್ನು ಬಲ್ಲ ನೋಡುಗರಿದ್ದರೆ ಆಟ ಬೆಳೆಯುತ್ತದೆ. ಆದರೆ ಈ ವಾದ ಕೊನೆಗೆ ಒಬ್ಬ ಹುಡುಗನ ಹೆಸರಿಗೆ ಬಂದು ನಿಲ್ಲುತ್ತದೆ. “ಅವನಿಂದಲೇ ಸೋತದ್ದು” ಎಂಬ ತೀರ್ಪು ಹೊರಬೀಳುತ್ತದೆ. ಆ ತೀರ್ಪು ಎಷ್ಟು ಸರಿ? ಈ ಪ್ರಶ್ನೆ ನನಗೆ ಬರೀ ಆಟದ ಪ್ರಶ್ನೆಯಲ್ಲ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಏಳು ಜನ, ಒಂದು ಸರಪಳಿ

ಮೊದಲು ಆಟದ ಲೆಕ್ಕ ತಿಳಿಯೋಣ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುವೆ ಮಧ್ಯರೇಖೆ. ಒಂದೊಂದು ಕಡೆ ಏಳು ಮಂದಿ. ಒಬ್ಬ ರೈಡರ್ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಎದುರಾಳಿಯ ಅಂಕಣಕ್ಕೆ ನುಗ್ಗಿ, ಮುಟ್ಟಿ, 30 ಸೆಕೆಂಡಿನೊಳಗೆ ಹಿಂದಿರುಗಬೇಕು. ಅವನನ್ನು ತಡೆಯುವವರು ಹಿಡಿಯುವವರು, ನಮ್ಮ ಹುಡುಗರ ಭಾಷೆಯಲ್ಲಿ ಕ್ಯಾಚರ್‌ಗಳು.

ಹಿಡಿಯುವ ಏಳು ಮಂದಿ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಎರಡು ತುದಿಗಳಲ್ಲಿ ಇಬ್ಬರು ಕಾರ್ನರ್, ಅವರ ಪಕ್ಕದಲ್ಲಿ ಇಬ್ಬರು ‘ಇನ್’, ಆಮೇಲೆ ಇಬ್ಬರು ಕವರ್, ನಡುವೆ ಒಬ್ಬ ಸೆಂಟರ್. ಕಾರ್ನರ್‌ನವನ ಮುಖ್ಯ ಕೆಲಸ ರೈಡರನ ಕಾಲು ಹಿಡಿಯುವುದು. ಕವರ್‌ನವನ ಕೆಲಸ ಅವನು ಮಧ್ಯರೇಖೆಗೆ ಹಿಂದಿರುಗುವ ದಾರಿಯನ್ನು ಮುಚ್ಚುವುದು. ಎದೆಯೊಡ್ಡಿ ತಡೆಯಬಹುದು, ಇಲ್ಲವೇ ಭುಜದಿಂದ ಗುದ್ದಿ ಹೊರಕ್ಕೆ ತಳ್ಳಬಹುದು.

ಪಕ್ಕಪಕ್ಕದವರು ಕೈ ಕೈ ಹಿಡಿದು ನಿಲ್ಲುವುದನ್ನು ನೀವು ನೋಡಿರುತ್ತೀರಿ. ಅದು ಅಂದಕ್ಕಲ್ಲ. ಎಲ್ಲರ ಕಣ್ಣೂ ರೈಡರನ ಕಾಲಿನ ಮೇಲಿರುವಾಗ ಮಾತನಾಡಿಕೊಳ್ಳಲು ಪುರುಸೊತ್ತೆಲ್ಲಿ? ಕೈಯನ್ನು ಸ್ವಲ್ಪ ಅದುಮಿದರೆ ‘ಹೋಗು’ ಎಂದು, ಎಳೆದರೆ ‘ತಡಿ’ ಎಂದು. ಕತ್ತಲಲ್ಲಿ ಕಾಡು ದಾಟುವವರು ಒಬ್ಬರ ಕೈ ಒಬ್ಬರು ಹಿಡಿದಂತೆ ಆ ಕೈಯೇ ಅವರ ಧೈರ್ಯ.

ಕಾಡಿನ ಮಾತು ಬಂದಿತಲ್ಲ, ಬಂಡೀಪುರದ ಒಂದು ಸಂಗತಿ ಕೇಳಿ. ಇಲ್ಲಿನ ಸೀಳುನಾಯಿಗಳನ್ನು ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ 1970ರ ದಶಕದಲ್ಲಿ ಕಾಡಿನಲ್ಲೇ ಇದ್ದು ಅಧ್ಯಯನ ಮಾಡಿದರು. ಸೀಳುನಾಯಿ ಒಂಟಿಯಾಗಿ ನೋಡಿದರೆ ಬೀದಿನಾಯಿಗಿಂತ ದೊಡ್ಡದೇನಲ್ಲ. ಆದರೆ ಹಿಂಡಾಗಿ ಹೊರಟರೆ ತನಗಿಂತ ಎಷ್ಟೋ ದೊಡ್ಡ ಕಡವೆಯನ್ನೂ ಕೆಡವುತ್ತದೆ. ಕೆಲವು ಅಟ್ಟಿಸಿಕೊಂಡು ಬಂದರೆ ಕೆಲವು ಜಿಂಕೆ ಓಡಿಬರುವ ದಾರಿಯಲ್ಲಿ ಕಾದಿರುತ್ತವೆ. ದಾರಿ ಕಾಯುವ ನಾಯಿ ತಡಮಾಡಿದರೆ ಅಟ್ಟಿದ ನಾಯಿಯ ಶ್ರಮವೆಲ್ಲ ನೀರುಪಾಲು. ಕಬಡ್ಡಿಯ ಕಾರ್ನರ್ ಮತ್ತು ಕವರ್ ಸಂಬಂಧವೂ ಇಷ್ಟೇ.

ತಪ್ಪು ಎಲ್ಲಿ ಹುಟ್ಟುತ್ತದೆ?

ಹಿಡಿತದ ತಪ್ಪುಗಳಲ್ಲಿ ಕೆಲವು ಬರಿಗಣ್ಣಿಗೇ ಕಾಣುತ್ತವೆ. ಮೊದಲನೆಯದು ಅವಸರ. ರೈಡರ್ ಇನ್ನೂ ಒಳಕ್ಕೆ ಬಂದಿರುವುದಿಲ್ಲ, ಮಧ್ಯರೇಖೆ ಅವನ ಕೈಗೆ ಎಟಕುವಂತಿರುತ್ತದೆ. ಆಗಲೇ ಒಬ್ಬ ಮುನ್ನುಗ್ಗಿದರೆ ಒಂದು ಅಂಕವನ್ನು ಕೈಯಾರೆ ಕೊಟ್ಟಂತೆ. ಮುನ್ನಡೆ ನಮ್ಮದಿದ್ದಾಗ ಸುಮ್ಮನೆ ನಿಂತರೂ ಗಡಿಯಾರವೇ ನಮ್ಮ ಪರವಾಗಿ ಆಡುತ್ತದೆ ಎಂಬುದನ್ನು ಹದಿಹರೆಯದ ರಕ್ತ ಒಪ್ಪುವುದಿಲ್ಲ.

ಎರಡನೆಯದು ಬೋನಸ್ ಗೆರೆಯ ಮೋಹ. ಅಂಕಣದಲ್ಲಿ ಆರು ಅಥವಾ ಏಳು ಮಂದಿ ಇದ್ದಾಗ ರೈಡರ್ ಆ ಗೆರೆ ದಾಟಿ ಕಾಲಿಟ್ಟರೆ ಅವನಿಗೊಂದು ಅಂಕ. ಜಾಣ ರೈಡರ್ ಕಾಲು ಚಾಚಿದಂತೆ ಮಾಡುತ್ತಾನೆ. ಎಲ್ಲರ ಕಣ್ಣೂ ಆ ಕಾಲಿಗೆ ಹೋಗುತ್ತದೆ. ಅಷ್ಟರಲ್ಲಿ ಅವನ ಕೈ ಪಕ್ಕದವನನ್ನು ಮುಟ್ಟಿರುತ್ತದೆ.

ಮೂರನೆಯದೇ ಬರಿಗಣ್ಣಿಗೆ ಕಾಣದ್ದು: ಒಂಟಿ ಹಿಡಿತ. ಕಾರ್ನರ್‌ನವನು ಕಾಲು ಹಿಡಿದ ಕ್ಷಣದಲ್ಲೇ ರೈಡರ್ ಮಧ್ಯರೇಖೆಯ ಕಡೆಗೆ ಬೀಳುತ್ತಾನೆ. ಬೀಳುವಾಗ ಕೈ ಚಾಚುತ್ತಾನೆ. ಆರಡಿ ಹುಡುಗ ಮೈಚಾಚಿ ಬಿದ್ದರೆ ಎಷ್ಟು ದೂರ ಮುಟ್ಟಬಹುದೆಂದು ನೀವೇ ಲೆಕ್ಕ ಹಾಕಿ. ಅವನ ಮತ್ತು ಗೆರೆಯ ನಡುವೆ ಕವರ್‌ನವನು ಬಂದು ನಿಂತಿರಬೇಕು. ಅರ್ಧ ಹೆಜ್ಜೆ ತಡವಾದರೂ ಮುಗಿಯಿತು. ಹಿಡಿದವನೂ ಔಟ್, ತಡವಾಗಿ ಬಂದು ಮುಟ್ಟಿದವನೂ ಔಟ್.

ನೋಡುಗರಿಗೆ ಕಾಣುವುದೇನು? ಕಾಲು ಹಿಡಿದವನ ಕೈ ಜಾರಿದ್ದು. ಕೊನೆಯಲ್ಲಿ ನೆಲದ ಮೇಲೆ ಬಿದ್ದಿರುವವನು ಅವನೇ ತಾನೇ? ತಪ್ಪು ಹುಟ್ಟಿದ್ದು ಎರಡು ಸೆಕೆಂಡ್ ಮೊದಲು, ಎರಡು ಗಜ ಆಚೆಗೆ. ಅಲ್ಲಿಗೆ ಯಾರ ಕಣ್ಣೂ ಹೋಗಿರುವುದಿಲ್ಲ.

ಸ್ಕೋರ್ ಪುಸ್ತಕದ್ದೂ ಇದೇ ಕಥೆ. ನಾಲ್ಕು ಮಂದಿ ಸೇರಿ ಒಬ್ಬ ರೈಡರನನ್ನು ಕೆಡವಿದರೂ ಲೀಗಿನ ಲೆಕ್ಕದಲ್ಲಿ ಹಿಡಿತದ ಅಂಕ ಹೋಗುವುದು ಒಬ್ಬನ ಹೆಸರಿಗೆ. ಪ್ರೊ ಕಬಡ್ಡಿಯಲ್ಲಿ ರೈಡರ್ ಪ್ರದೀಪ್ ನರ್ವಾಲ್ 1,800ಕ್ಕೂ ಹೆಚ್ಚು ದಾಳಿ ಅಂಕ ಗಳಿಸಿದರು. ಹಿಡಿತದಲ್ಲಿ ದೊಡ್ಡ ಹೆಸರಾದ ಇರಾನಿನ ಎಡ ಕಾರ್ನರ್ ಫಜಲ್ ಅತ್ರಾಚಲಿ ಅವರದು 500 ದಾಟಿದ ಲೆಕ್ಕ. ಈ ಎರಡು ಅಂಕಿಗಳ ನಡುವಿನ ಅಂತರವೇ ಹಿಡಿಯುವವರ ಪಾಡನ್ನು ಹೇಳುತ್ತದೆ. ಅವರ ಪಕ್ಕದಲ್ಲಿ ನಿಂತು ದಾರಿ ಮುಚ್ಚಿದವರ ಲೆಕ್ಕವಂತೂ ಯಾವ ಪುಸ್ತಕದಲ್ಲೂ ಇಲ್ಲ.

ಒಂದು ಗಂಟೆಯ ವಾದ

ಹಿಡಿತದ ತಪ್ಪಿನ ಮೇಲೆ ಹಳ್ಳಿಯ ಹೈಕಳು ಮಾತ್ರ ಜಗಳವಾಡುತ್ತಾರೆಂದು ತಿಳಿಯಬೇಡಿ. 2023ರ ಅಕ್ಟೋಬರ್ 7ರಂದು ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಕ್ರೀಡಾಕೂಟದ ಫೈನಲ್. ಭಾರತ ಮತ್ತು ಇರಾನ್ 28–28ರಲ್ಲಿ ಸಮ. ಆಟ ಕೊನೆಯ ಘಟ್ಟದಲ್ಲಿತ್ತು. ಭಾರತದ ನಾಯಕ ಪವನ್ ಸೆಹ್ರಾವತ್ ದಾಳಿಗೆ ಹೋದರು. ಇವರು ನಮ್ಮ ಬೆಂಗಳೂರು ಬುಲ್ಸ್ ಪ್ರೇಕ್ಷಕರಿಗೆ ಚಿರಪರಿಚಿತರು. 2019ರ ಜನವರಿಯಲ್ಲಿ ಬುಲ್ಸ್ ಗುಜರಾತನ್ನು 38–33ರಿಂದ ಸೋಲಿಸಿ ಲೀಗ್ ಗೆದ್ದಾಗ ಫೈನಲ್‌ನಲ್ಲಿ 22 ಅಂಕ ತಂದವರು.

ಹಾಂಗ್‌ಝೌನಲ್ಲಿ ಪವನ್ ಯಾರನ್ನೂ ಮುಟ್ಟುವ ಮೊದಲೇ ಪಕ್ಕದ ಲಾಬಿಗೆ ಕಾಲಿಟ್ಟರು. ಅವರನ್ನು ತಡೆಯುವ ಭರದಲ್ಲಿ ಇರಾನಿನ ಆಟಗಾರರೂ ಅಲ್ಲಿಗೆ ಇಳಿದರು. ಸ್ಪರ್ಶವಾಗುವ ತನಕ ಲಾಬಿ ಅಂಕಣದ ಭಾಗವಲ್ಲ. ಹಾಗಾದರೆ ಔಟಾದವರು ಯಾರು? ಪವನ್ ಒಬ್ಬರೇ? ಅವರ ಹಿಂದೆ ಹೋದವರೆಲ್ಲರೂ? ಹಳೆಯ ನಿಯಮ ಒಂದು ಹೇಳಿದರೆ ಹೊಸ ನಿಯಮ ಇನ್ನೊಂದು ಹೇಳುತ್ತಿತ್ತು. ತೀರ್ಪು ಒಮ್ಮೆ ಅತ್ತ, ಒಮ್ಮೆ ಇತ್ತ ವಾಲಿತು. ಎರಡೂ ತಂಡಗಳು ಪಟ್ಟು ಹಿಡಿದವು. ಸುಮಾರು ಒಂದು ಗಂಟೆ ಆಟ ನಿಂತಿತು! ಕೊನೆಗೆ ಭಾರತ 33–29ರಿಂದ ಚಿನ್ನ ಗೆದ್ದಿತು.

ಅದೇ ಕೂಟದಲ್ಲಿ ನಮ್ಮ ಹೆಣ್ಣುಮಕ್ಕಳು ಚೈನೀಸ್ ತೈಪೆಯನ್ನು ಸೋಲಿಸಿ ಚಿನ್ನ ಗೆದ್ದದ್ದು 26–25ರಿಂದ. ಒಂದೇ ಒಂದು ಅಂಕ, ಅಂದರೆ ಒಂದು ಹಿಡಿತ. ಐದು ವರ್ಷದ ಹಿಂದೆ, 2018ರಲ್ಲಿ ಜಕಾರ್ತಾದಲ್ಲಿ, ಇದೇ ಹೆಣ್ಣುಮಕ್ಕಳ ತಂಡ ಫೈನಲ್‌ನಲ್ಲಿ ಇರಾನಿಗೆ 24–27ರಿಂದ ಸೋತಿತ್ತು. ಪುರುಷರು 1990ರಿಂದ ಸತತ ಏಳು ಚಿನ್ನ ಗೆದ್ದವರು, ಆ ಸಲ ಸೆಮಿಫೈನಲ್‌ನಲ್ಲಿ 18–27ರಿಂದ ಎಡವಿದ್ದರು. ಅಂಥವರಿಗೇ ಇಂಥ ದಿನ ಬರುವುದಾದರೆ ಪಿಯುಸಿ ಓದುವ ಹುಡುಗನೊಬ್ಬ ತಪ್ಪು ಮಾಡಬಾರದೇ?

ಕರ್ನಾಟಕಕ್ಕೆ ಈ ಆಟದಲ್ಲಿ ದೊಡ್ಡ ಹೆಸರಿದೆ. 2001ರ ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಮುಂದೆ ತರಬೇತುದಾರರಾಗಿ ಬಂಗಾಳ ಮತ್ತು ಪುಣೆ ತಂಡಗಳಿಗೆ ಲೀಗ್ ಗೆದ್ದುಕೊಟ್ಟರು. 2010ರಲ್ಲಿ ಮಹಿಳಾ ಕಬಡ್ಡಿ ಏಷ್ಯನ್ ಕ್ರೀಡಾಕೂಟಕ್ಕೆ ಮೊದಲ ಸಲ ಸೇರಿದಾಗ ಚಿನ್ನ ಗೆದ್ದ ತಂಡದಲ್ಲಿ ನಮ್ಮ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು. ಇಂಥವರ ಹಾದಿಯಲ್ಲಿ ಹೆಜ್ಜೆ ಇಡಬೇಕೆಂದು ಹೊರಟ ಎಷ್ಟೋ ಹುಡುಗ ಹುಡುಗಿಯರು ಒಂದು ಸೋಲಿನ ನಂತರ ಆಟವನ್ನೇ ಬಿಡುತ್ತಾರೆ. ಸೋಲಿಗೆ ಹೆದರಿ ಅಲ್ಲ, ಮಾತಿಗೆ ಹೆದರಿ.

ನಾನು ಹೇಳದೆ ಉಳಿದದ್ದು

ಈಗ ನನ್ನ ಕಥೆ. ಮೂವತ್ತು ವರ್ಷದ ಹಿಂದಿನದು. ನಾನು ಕಾಲೇಜು ತಂಡದಲ್ಲಿ ಎಡ ಕವರ್. ಆಗ ಮ್ಯಾಟ್ ಇರಲಿಲ್ಲ, ಮಣ್ಣಿನ ಅಂಕಣ, ಸುಣ್ಣದ ಗೆರೆ. ಸೆಮಿಫೈನಲ್. ನಾವು ಒಂದು ಅಂಕ ಮುಂದೆ. ಎದುರಾಳಿಯ ಕೊನೆಯ ದಾಳಿ. ಅಂಕಣದಲ್ಲಿ ನಾವು ನಾಲ್ವರೇ ಉಳಿದಿದ್ದೆವು, ಹಾಗಾಗಿ ಬೋನಸ್ಸಿನ ಭಯವೂ ಇರಲಿಲ್ಲ. ಅವನು ಬರಿಗೈಯಲ್ಲಿ ಹೋದರೂ ಗೆಲುವು ನಮ್ಮದೇ.

ಎಡ ಕಾರ್ನರ್‌ನಲ್ಲಿದ್ದವನು ಒಬ್ಬ ರೈತನ ಮಗ. ಚೆಂಡುಹೂ ಕೊಯ್ಲಿನ ದಿನಗಳಲ್ಲಿ ಹೊಲದ ಕೆಲಸ ಮುಗಿಸಿ ಅಭ್ಯಾಸಕ್ಕೆ ಬರುತ್ತಿದ್ದ. ಅವನ ಬಲಗೈ ನನ್ನ ಎಡಗೈಯಲ್ಲಿತ್ತು. ರೈಡರ್ ನಮ್ಮ ಕಡೆಗೇ ಬಂದ. ಗೆಳೆಯ ನನ್ನ ಕೈ ಅದುಮಿದ. ಅಂದರೆ ಅವನು ಕಾಲಿಗೆ ಹೋಗುತ್ತಾನೆ, ನಾನು ದಾರಿ ಮುಚ್ಚಬೇಕು. ಅದೇ ಕ್ಷಣದಲ್ಲಿ ರೈಡರ್ ನನ್ನತ್ತ ಕಾಲು ಬೀಸಿದಂತೆ ಮಾಡಿದ. ನಾನು ಹೆದರಿ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದೆ. ಗೆಳೆಯ ಆಗಲೇ ಕಾಲಿಗೆ ಹಾರಿದ್ದ. ನಾನು ಹಿಂದಿರುಗಿ ಬಂದು ಮೈಮೇಲೆ ಬೀಳುವಷ್ಟರಲ್ಲಿ ರೈಡರನ ಬೆರಳು ಗೆರೆ ಮುಟ್ಟಿತ್ತು. ಎರಡು ಅಂಕ. ಒಂದು ಅಂಕದಿಂದ ಸೋತೆವು.

“ಕಾಲು ಹಿಡಿಯೋಕೆ ಹೋಗ್ಬೇಡ ಅಂದ್ರೂ ಹೋದ” ಎಂದು ಜನ ಅವನನ್ನೇ ಬೈದರು. ಅವನು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಮಾರನೆಯ ವಾರ ಸಂತೆಯಲ್ಲಿ ಯಾರೋ ಅವನ ಅಪ್ಪನಿಗೆ “ನಿಮ್ಮ ಹುಡ್ಗನಿಂದ ಸೋತ್ರು” ಎಂದರಂತೆ. ಅಪ್ಪ ಮನೆಗೆ ಬಂದು, “ಆಟ ಸಾಕು, ಹೊಲಕ್ಕೆ ಬಾ” ಎಂದರಂತೆ. ಅವನು ಮತ್ತೆ ಅಭ್ಯಾಸಕ್ಕೆ ಬರಲೇ ಇಲ್ಲ. ನಾನು ಮುಂದಿನ ವರ್ಷವೂ ಆಡಿದೆ, ಸರ್ಟಿಫಿಕೇಟೂ ಪಡೆದೆ.

ಆ ಅಪ್ಪನದು ತಪ್ಪೆಂದು ನಾನು ಹೇಳಲಾರೆ. ಸಂತೆಯಲ್ಲಿ ನಾಲ್ಕು ಜನರ ಮುಂದೆ ಮಗನ ಹೆಸರು ಕೆಟ್ಟರೆ ಯಾವ ತಂದೆಗೆ ಹಿತವಾದೀತು? ಆದರೆ ಅವರು ಮಗನನ್ನು ಒಂದು ಮಾತು ಕೇಳಬಹುದಿತ್ತು: “ನಿನ್ನ ಪಕ್ಕದಲ್ಲಿ ಯಾರಿದ್ದ?” ಮಕ್ಕಳು ಪಂದ್ಯ ಆಡಿ ಮನೆಗೆ ಬಂದಾಗ ನಾವೆಲ್ಲ “ಗೆದ್ಯಾ, ಸೋತ್ಯಾ?” ಎನ್ನುತ್ತೇವೆ. ಅದರ ಬದಲು ಎಲ್ಲಿ ನಿಂತಿದ್ದೆ, ಯಾರ ಜೊತೆ ನಿಂತಿದ್ದೆ, ಏನಾಯಿತು ಎಂದು ಕೇಳಿ ನೋಡಿ. ಮಗು ಹೇಳುತ್ತ ಹೇಳುತ್ತ ತಾನೇ ತಪ್ಪನ್ನು ಕಂಡುಕೊಳ್ಳುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಟೀ ಅಂಗಡಿಯ ವಾದ ಖಂಡಿತ ಮಾಡಿ. ಹಾಗೆ ಮಾಡಿಯೇ ಆಟ ಕಲಿಯುವುದು. ಆದರೆ ಬಿದ್ದವನನ್ನು ನೋಡುವ ಮೊದಲು ನಿಂತೇ ಇದ್ದವನನ್ನು ನೋಡಿ. ಮತ್ತು ಆ ನಿಂತವರು ನೀವೇ ಆಗಿದ್ದರೆ, ಅಂದೇ ಬಾಯಿ ಬಿಟ್ಟು ಹೇಳಿ.

ನಾನು ಹೇಳಿದ್ದು ತೀರಾ ತಡವಾಗಿ. ಕೆಲವು ವರ್ಷಗಳ ಹಿಂದೆ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕಿದ. ತಲೆ ನರೆತಿತ್ತು. ಮಗಳನ್ನು ಕಾಲೇಜಿಗೆ ಸೇರಿಸಲು ಮೈಸೂರಿಗೆ ಹೊರಟಿದ್ದ. ಮಗಳು ಕಬಡ್ಡಿ ಆಡುತ್ತಾಳೆಂದು ಹೇಳಿದ. ಆಗ ನನ್ನ ಬಾಯಿಂದ ಅದು ಹೊರಬಿತ್ತು: “ಅವತ್ತು ಕೈ ಬಿಟ್ಟವನು ನಾನು.”

ಅವನು ನಕ್ಕ. “ಗೊತ್ತಿತ್ತು ಕನಪ್ಪ. ನಿನ್ನ ಕೈ ನನ್ನ ಕೈಲೇ ಇತ್ತಲ್ಲ, ಬಿಟ್ಟದ್ದು ಗೊತ್ತಾಗದೆ ಇರ್ತದಾ?”

ಅಷ್ಟರಲ್ಲಿ ಮೈಸೂರು ಬಸ್ಸು ಬಂತು.