ಕೋಳಿಗೆ ನಾಯಿ ಕಚ್ಚಿದರೆ, ಮೊದಲು ಅಮ್ಮನ ಕೈ ನೋಡಿ

ಬಿಪಿ, ಕೊಲೆಸ್ಟರಾಲ್ ಅಂತ ಬರೆಯುತ್ತಿದ್ದ ಹಾರ್ಟ್ ಡಾಕ್ಟರು ಈ ವಾರ ಕೋಳಿ ಹಿಡಿದುಕೊಂಡು ಬಂದಿದ್ದಾರೆ ಎಂದು ನಗಬೇಡಿ. ರಜೆಗೆ ಊರಿಗೆ ಹೋದಾಗ, ಅಥವಾ ಪುಣೆ, ಹೈದರಾಬಾದಿನ ಹೊರವಲಯದಲ್ಲಿ ಮನೆ ಕಟ್ಟಿಕೊಂಡು ನಾಲ್ಕು ನಾಟಿ ಕೋಳಿ ಸಾಕಿದವರ ಹಿತ್ತಿಲಲ್ಲಿ, ಇದು ಒಂದಲ್ಲ ಒಂದು ದಿನ ಆಗಿಯೇ ಆಗುತ್ತದೆ. ನಾಯಿಯೋ ಬೆಕ್ಕೋ ಮುಂಗುಸಿಯೋ ಕೋಳಿಯನ್ನು ಹಿಡಿಯುತ್ತದೆ. ಮನೆಯಲ್ಲಿದ್ದ ಅಮ್ಮನೋ ಮಕ್ಕಳೋ ಬರಿಗೈಯಲ್ಲಿ ಬಿಡಿಸಲು ನುಗ್ಗುತ್ತಾರೆ. ಆಮೇಲೆ ನಿಮಗೆ ಮುಂಬೈಗೆ ವಿಡಿಯೋ ಕಾಲ್. ಅದರಲ್ಲಿ ಕೋಳಿಯ ಗಾಯ ತೋರಿಸುತ್ತಾರೆ, ತಮ್ಮ ಕೈ ತೋರಿಸುವುದಿಲ್ಲ.

ನೀವು ಮೊದಲು ಕೇಳಬೇಕಾದದ್ದು ಇಷ್ಟೇ: "ಅಮ್ಮಾ, ನಿನಗೆ ಎಲ್ಲಾದರೂ ಹಲ್ಲು ತಾಗಿತಾ, ಉಗುರು ಗೀರಿತಾ?" ಹೌದು ಎಂದರೆ ಕೋಳಿಯನ್ನು ಬುಟ್ಟಿ ಮುಚ್ಚಿ ಇಡಲಿ, ಅವರು ನಲ್ಲಿಯ ಕೆಳಗೆ ಕೈ ಹಿಡಿಯಲಿ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ. ಗಡಿಯಾರ ನೋಡಿಕೊಂಡೇ ತೊಳೆಯಬೇಕು. ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ ಯಾವುದೂ ಬೇಡ. ಕೋಳಿಯಿಂದ ನಮಗೆ ರೇಬೀಸ್ ಬರುವುದಿಲ್ಲ, ಅದು ಸಸ್ತನಿಗಳ ಕಾಯಿಲೆ. ಆದರೆ ಕಚ್ಚಿದ ನಾಯಿಯ ಹಸಿ ಜೊಲ್ಲು ಪುಕ್ಕದ ಮೇಲಿರುತ್ತದೆ. ಕೈಯಲ್ಲಿ ಮೊದಲೇ ಗಾಯವಿದ್ದು ಅದನ್ನು ಮುಟ್ಟಿದವರೂ ಹೀಗೇ ತೊಳೆದು ಡಾಕ್ಟರಿಗೆ ಹೇಳಬೇಕು.

ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸ್ನಾಯುವಿಗೆ ಕೊಡುವ ಲಸಿಕೆಯಾದರೆ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡುವುದಾದರೆ 0, 3, 7, 28. ಚರ್ಮ ಕಿತ್ತು ರಕ್ತ ಬಂದಿದ್ದರೆ ಲಸಿಕೆಯ ಜತೆಗೆ ಗಾಯದೊಳಕ್ಕೇ ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್ ಕೂಡ ಬೇಕು. ಟಿಟಿ ಹಾಕಿಸಿಕೊಂಡು "ಇಂಜೆಕ್ಷನ್ ಆಯ್ತು" ಎನ್ನುವವರು ಬಹಳ ಮಂದಿ. ಅದು ಬೇರೆ, ಇದು ಬೇರೆ. ನಮ್ಮಂಥ ಪರವೂರಿನವರ ತೊಂದರೆ ಇನ್ನೊಂದು: ಎರಡು ಡೋಸ್ ಊರಲ್ಲಿ ಆಗುವಷ್ಟರಲ್ಲಿ ರಜೆ ಮುಗಿದು ರೈಲು ಹತ್ತುತ್ತೇವೆ, ಉಳಿದದ್ದು ಮರೆತೇ ಹೋಗುತ್ತದೆ. ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಬಾಕಿ ಡೋಸ್‌ಗಳನ್ನು ಮುಂಬೈಯಲ್ಲೋ ಚೆನ್ನೈಯಲ್ಲೋ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಮುಂದುವರಿಸಬಹುದು.

ಇನ್ನು ನನ್ನ ವಿಷಯ. ಹಾರ್ಟ್ ವಾಲ್ವ್ ಬದಲಾಯಿಸಿಕೊಂಡು ವಾರ್ಫರಿನ್, ಅಸಿಟ್ರೋಮ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸಣ್ಣ ಗೀರೂ ಬೇಗ ನಿಲ್ಲುವುದಿಲ್ಲ. ತೊಳೆದ ಮೇಲೆ ಶುದ್ಧ ಬಟ್ಟೆಯಿಂದ 15 ನಿಮಿಷ, ನಡುವೆ ತೆರೆದು ನೋಡದೆ, ಒತ್ತಿ ಹಿಡಿಯಿರಿ. ಹೆದರಿ ಮಾತ್ರೆ ಮಾತ್ರ ನಿಲ್ಲಿಸಬೇಡಿ, ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಬರುತ್ತದೆ. ನೋವಿಗೆ ಪ್ಯಾರಸಿಟಮಾಲ್ ಸಾಕು, ಡೈಕ್ಲೋಫೆನಾಕ್ ಬೇಡ. ಗಾಯಕ್ಕೆ ಆಂಟಿಬಯಾಟಿಕ್ ಕೊಟ್ಟರೆ ನಾಲ್ಕೈದು ದಿನದಲ್ಲಿ ಒಮ್ಮೆ ಐಎನ್‌ಆರ್ ಮಾಡಿಸಿ, ಅದು ಏರಬಹುದು. ಮುಂದಿನ ವಾರಗಳಲ್ಲಿ ಜ್ವರ ಬಂದು ಬಿಡದೆ ಇದ್ದರೆ ಅಂಗಡಿಯಿಂದ ಮಾತ್ರೆ ತರಬೇಡಿ. ಆಂಟಿಬಯಾಟಿಕ್ ಶುರುಮಾಡುವ ಮೊದಲೇ ಬ್ಲಡ್ ಕಲ್ಚರ್ ಆಗಬೇಕು. ಇದನ್ನು ವಾಲ್ವ್ ಇರುವವರ ಮನೆಯಲ್ಲಿ ದಯವಿಟ್ಟು ಓದಿ ಹೇಳಿ.

ಈಗ ಪಾಪದ ಕೋಳಿ. ಅದರ ಎದೆ ಸುಮ್ಮನಿದ್ದಾಗಲೇ ನಿಮಿಷಕ್ಕೆ 250-300 ಸಲ ಬಡಿಯುತ್ತದೆ. ಗಾಬರಿಯಾದಾಗ ಅದನ್ನು ಮತ್ತೆ ಮತ್ತೆ ಅಟ್ಟಿಸಿಕೊಂಡು ಹೋಗಿ ಹಿಡಿದರೆ ಗಾಯಕ್ಕಿಂತ ಆ ಆಘಾತಕ್ಕೇ ಸಾಯಬಹುದು. ಒಂದೇ ಸಲ, ಮೇಲೆ ಟವೆಲ್ ಹಾಕಿ ಹಿಡಿಯಿರಿ. ಎದೆ ಒತ್ತಬೇಡಿ: ಕೋಳಿಗೆ ನಮ್ಮಂತೆ ವಪೆ ಇಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೇ ಉಸಿರು. ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಕತ್ತಲು, ಬೆಚ್ಚಗೆ, ಸದ್ದಿಲ್ಲದ ಮೂಲೆ. ಮೊದಲ ಒಂದು ಗಂಟೆ ಇದೇ ಔಷಧ. ರಕ್ತ ಸೋರುತ್ತಿದ್ದರೆ ಮಾತ್ರ ಮೊದಲು ಅದನ್ನು ಒತ್ತಿ ನಿಲ್ಲಿಸಿ. ಬಾಯಿಗೆ ನೀರು ಸುರಿಯಬೇಡಿ, ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ. ಬಟ್ಟಲಿಟ್ಟು ಕೊಕ್ಕಿನ ತುದಿ ಅದ್ದಿದರೆ ತಾನೇ ಕುಡಿಯುತ್ತದೆ.

ಆಮೇಲೆ ಗಾಯದ ಸುತ್ತಲಿನ ಪುಕ್ಕ ಕತ್ತರಿಸಿ (ಕೀಳಬೇಡಿ). ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಸೂಜಿ ತೆಗೆದ ಸಿರಿಂಜಿನಿಂದ ತೊಳೆಯಿರಿ. ತೆಳು ಚಹಾದ ಬಣ್ಣಕ್ಕೆ ನೀರು ಬೆರೆಸಿದ ಬೆಟಾಡಿನ್ ಹಾಕಬಹುದು. ಸೀಮೆಎಣ್ಣೆ, ನೀರು ಬೆರೆಸದ ಡೆಟಾಲ್ ಖಂಡಿತ ಬೇಡ. ರೆಕ್ಕೆಯ ಮೇಲ್ಭಾಗದ ಮೂಳೆ ಮುರಿದು ಹೊರಗೆ ಕಂಡರೆ ಅದಕ್ಕೆ ನೀರು ಹಾಯಿಸಬೇಡಿ. ಆ ಮೂಳೆ ಟೊಳ್ಳು, ಒಳಗಿನ ಗಾಳಿಚೀಲಕ್ಕೆ ದಾರಿ. ಚರ್ಮ ಅಗಲವಾಗಿ ಹರಿದದ್ದು ನೋಡಲು ಭಯಂಕರ, ಆದರೂ ಎಷ್ಟೋ ಸಲ ಚೆನ್ನಾಗಿ ಕೂಡಿಕೊಳ್ಳುತ್ತದೆ. ನನಗೆ ಹೆದರಿಕೆ ಬೆಕ್ಕಿನ ಹಲ್ಲಿನ ಸೂಜಿಯಂಥ ತೂತುಗಳದ್ದು. ಮೇಲೆ ಏನೂ ಕಾಣದೆ ಒಳಗೆ ಕೀವಾಗುತ್ತದೆ, ಒಂದು ದಿನದೊಳಗೆ ಪಶುವೈದ್ಯರ ಆಂಟಿಬಯಾಟಿಕ್ ಬೇಕು. ಕರ್ನಾಟಕ ಸೇರಿ ಹಲವು ರಾಜ್ಯಗಳಲ್ಲಿ 1962ಕ್ಕೆ ಫೋನ್ ಮಾಡಿದರೆ ಪಶು ಚಿಕಿತ್ಸೆಯ ನೆರವು ಸಿಗುತ್ತದೆ. ನಿಮ್ಮ ಮಂಡಿನೋವಿನ ಮಾತ್ರೆ ಮುರಿದು ಕೊಡುವ ಪ್ರಯೋಗ ಬೇಡ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಹೆಣದ ಮೂಲಕ ಒಳಹೊಕ್ಕು ರಣಹದ್ದುಗಳ ಕಿಡ್ನಿ ಕೆಡಿಸಿತೆಂದೇ 2006ರಲ್ಲಿ ಭಾರತದಲ್ಲಿ ಅದರ ಪಶು ಬಳಕೆಯನ್ನು ನಿಷೇಧಿಸಿದ್ದು.

ಕರುಳು ಹೊರಬಂದಿದ್ದರೆ, ಕಾಲೆರಡೂ ಸತ್ತಂತೆ ಬಿದ್ದಿದ್ದರೆ ನರಳಿಸಬೇಡಿ, ಪಶುವೈದ್ಯರನ್ನು ಕರೆಯಿರಿ. "ಹೇಗೂ ಸಾಯುತ್ತೆ, ಸಾರು ಮಾಡೋಣ" ಎಂದು ಅಜ್ಜಿ ಹೇಳಿದರೂ ಒಪ್ಪಬೇಡಿ. ಕಚ್ಚಿದ ಪ್ರಾಣಿ ಯಾವುದೋ ಏನೋ, ಆ ಹಸಿ ಮಾಂಸ ಹೆಚ್ಚುವ ಕೈ ನಿಮ್ಮ ಮನೆಯವರದ್ದೇ.

ಉಳಿದ ಕೋಳಿಗಳ ಜತೆ ಕೂಡಲೇ ಬಿಡಬೇಡಿ. ಕೆಂಪು ಕಂಡರೆ ಅವೇ ಕುಕ್ಕಿ ಗಾಯ ದೊಡ್ಡದು ಮಾಡುತ್ತವೆ. ಪೆಟ್ಟಿಗೆಗೆ ಸೊಳ್ಳೆಪರದೆ ಹೊದಿಸಿ, ನೊಣ ಕೂತರೆ ಒಂದೇ ದಿನದಲ್ಲಿ ಹುಳ. ಅದು ಕಾಳು ತಿನ್ನಲು ಶುರುಮಾಡಿದರೆ ಅರ್ಧ ಗೆದ್ದಂತೆ. ಆಂಟಿಬಯಾಟಿಕ್ ಕೊಟ್ಟಿದ್ದರೆ ಮೊಟ್ಟೆ ಎಷ್ಟು ದಿನ ತಿನ್ನಬಾರದೆಂದು ಪಶುವೈದ್ಯರನ್ನೇ ಕೇಳಿ, ಅಲ್ಲಿಯವರೆಗಿನ ಮೊಟ್ಟೆಗಳನ್ನು ಮಣ್ಣಲ್ಲಿ ಹೂತುಬಿಡಿ.